ಹಮ್ದಿಯವರ ಅಜ್ಜ ಹಿಡಿದ ಕೈ

ಕಣ್ಣೊಳಗೆ ಗುಳ್ಳೆ ಇಟ್ಟುಕೊಂಡು ವಿಮಾನ ಹತ್ತಬಾರದು. ಇದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಮಗಳ ಮದುವೆಗೆ ಎರಡು ತಿಂಗಳೂ ಉಳಿದಿರದ ಹೊತ್ತಿನಲ್ಲಿ. ಅಲ್ಲಿಯವರೆಗೆ ಮನುಷ್ಯರ ಕಣ್ಣೊಳಗೆ ಗುಳ್ಳೆ ಇಡುತ್ತಾರೆ ಎನ್ನುವುದೇ ಗೊತ್ತಿರಲಿಲ್ಲ.

ಈಗ ಆರಾಮವಾಗಿದ್ದೇನೆ. ಓದುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ನೆಟ್ಟಗಿರುವ ಬಾಗಿಲಿನ ಚೌಕಟ್ಟು ಸ್ವಲ್ಪ ಡೊಂಕಾಗಿ ಕಾಣುತ್ತದೆ. ಬಡಗಿಯದ್ದೇ ತಪ್ಪು ಎಂದುಕೊಂಡು ಸುಮ್ಮನಿರುತ್ತೇನೆ. ಇದನ್ನು ಬರೆಯಲು ಕಾರಣ ಒಂದೇ. ನನಗೆ ಹೀಗಾದಾಗ ಮೊಬೈಲಿನಲ್ಲಿ ಎಷ್ಟೋ ಹುಡುಕಿಸಿದೆ. ರೋಗದ ಹೆಸರು, ಕಣ್ಣಿನ ಚಿತ್ರ ಎಲ್ಲ ಸಿಕ್ಕಿತು. ತಲೆ ಬಗ್ಗಿಸಿಕೊಂಡೇ ಗಂಜಿ ಕುಡಿಯುವುದು ಹೇಗೆ ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಸ್ಟ್ರಾ ಹಾಕಿ ಕುಡಿಯಬೇಕು. ಗಂಜಿ ತೆಳ್ಳಗಿರಬೇಕು, ಉಪ್ಪಿನಕಾಯಿ ಬೇರೆ ಚಮಚದಲ್ಲಿ.

ನನ್ನ ಹೆಸರು ವಿಲ್ಲಿ. ಗಲ್ಫಿನ ದೇರಾ ಪೇಟೆಯಲ್ಲಿ ಸ್ಕ್ರೂ, ಬೋಲ್ಟು, ಕೊಳಾಯಿ, ನೀರ್ಮಟ್ಟ ಮಾರುವ ಸಗಟು ಅಂಗಡಿಯೊಂದರ ಸ್ಟೋರು ನೋಡಿಕೊಳ್ಳುತ್ತೇನೆ. ಅಂಗಡಿ ಭಟ್ಕಳದ ನೂರುದ್ದೀನ್ ಸಾಹೇಬರದ್ದು. ಮನೆ ಉಡುಪಿಯ ಹತ್ತಿರ. ಅಲ್ಲಿ ಹೆಂಡತಿ ಲೀನಾ, ಮಗಳು ಪ್ರೀಮಾ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ, ಆದರೆ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ನಾಲ್ಕು ಸಾಲು ಬರೆಯಬೇಕೆಂದರೆ ಕೈಗೆ ಬರುವುದು ಕನ್ನಡವೇ.

ಶುರುವಾದದ್ದು ಬಲಗಣ್ಣಿನಲ್ಲಿ ಒಂದು ಕರಿ ದಾರ ತೇಲಿದಂತೆ. ಸ್ಟೋರಿನ ಧೂಳು ಎಂದುಕೊಂಡು ತೊಳೆದೆ. ಮರುದಿನ ದಾರದ ಜೊತೆ ಇರುವೆಗಳೂ ಬಂದವು. ನನ್ನ ಕೋಣೆಯ ಸದಾನಂದ ಸುರತ್ಕಲ್ ಕಡೆಯವ, ಅಲ್ ಮುರಕ್ಕಬಾತ್‌ನ ಒಂದು ಹೋಟೆಲಿನಲ್ಲಿ ಅಡುಗೆಗಿದ್ದಾನೆ. ಕಣ್ಣಿಗೆ ನಂದಿಬಟ್ಟಲು ಹೂವಿನ ನೀರು ಒಳ್ಳೆಯದು ಎಂದ. ದೇರಾದಲ್ಲಿ ಚಿನ್ನ ಸಿಗುತ್ತದೆ, ಕೇಸರಿ ಸಿಗುತ್ತದೆ, ನಂದಿಬಟ್ಟಲು ಎಲ್ಲಿ ಸಿಗಬೇಕು. ಮೂರನೆಯ ದಿನ ಪಕ್ಕದಿಂದ ಯಾರೋ ಬೂದು ಪರದೆ ಎಳೆದಂತಾಯಿತು. ಸಾಹೇಬರು ನನ್ನ ಮುಖ ನೋಡಿದವರು ಟ್ಯಾಕ್ಸಿ ಕರೆದರು.

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಡಾಕ್ಟರು ಬಹಳ ಹೊತ್ತು ಮಾತಾಡದೆ ಇದ್ದರೆ ಒಳ್ಳೆಯ ಸುದ್ದಿಯಲ್ಲ ಎನ್ನುವುದು ಎಲ್ಲ ರೋಗಿಗಳಿಗೂ ಗೊತ್ತು. ಕಣ್ಣಿನ ಹಿಂದಿನ ಪರದೆ ಹರಿದು ಕಳಚಿದೆ ಎಂದರು. ಎಡಗಣ್ಣಿನ ಕತೆ ಕೇಳಿದರು. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದದ್ದು, ಅದರಲ್ಲಿ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ ಎಂದೆ.

"ಹಾಗಾದರೆ ನಿಮಗಿರುವುದು ಇದೊಂದೇ ಕಣ್ಣು," ಎಂದರು. "ನಾಳೆಯೇ ಆಪರೇಷನ್."

ಆಪರೇಷನ್ನಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನೋವಿಲ್ಲ, ಹೆದರಿಕೆ ಉಂಟು. ಆಮೇಲಿನದ್ದೇ ಕಷ್ಟ. ಕಳಚಿದ ಪರದೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಡುತ್ತಾರೆ. ಗುಳ್ಳೆ ಯಾವಾಗಲೂ ಮೇಲಕ್ಕೆ ಏರುತ್ತದಲ್ಲ, ಅದು ಹಿಂದಿನ ಪರದೆಗೆ ಒತ್ತಬೇಕಾದರೆ ನಾವು ಮುಖ ಕೆಳಗೆ ಮಾಡಿ ಇರಬೇಕು. ಕೂತರೂ, ನಡೆದರೂ, ಮಲಗಿದರೂ. ಅಂಗಡಿಯಲ್ಲಿ ಇಷ್ಟು ವರ್ಷ ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ನೀರ್ಮಟ್ಟ ಮಾರಿದವನಿಗೆ ಗುಳ್ಳೆಯ ಈ ಲೆಕ್ಕ ಥಟ್ಟನೆ ಅರ್ಥವಾಯಿತು. ಒಪ್ಪಿಗೆಯಾಗಲು ತಡವಾಯಿತು.

ನರ್ಸ್ ನನ್ನ ಮಣಿಕಟ್ಟಿಗೆ ಹಸಿರು ಪ್ಲಾಸ್ಟಿಕ್ ಪಟ್ಟಿಯೊಂದನ್ನು ಹಾಕಿದಳು. ಕಣ್ಣಲ್ಲಿ ಗ್ಯಾಸ್ ಇದೆ, ವಿಮಾನ ಹತ್ತಬಾರದು ಎಂದು ಅದರ ಮೇಲೆ ಬರೆದಿತ್ತು.

"ಎಷ್ಟು ದಿನ?" ಎಂದು ನೆಲ ನೋಡಿಕೊಂಡೇ ಕೇಳಿದೆ.

"ಗುಳ್ಳೆ ಕರಗುವವರೆಗೆ," ಎಂದರು ಡಾಕ್ಟರಮ್ಮ. "ಕೆಲವರಿಗೆ ಬೇಗ. ಕೆಲವರಿಗೆ ಎರಡು ತಿಂಗಳೂ ಆಗುತ್ತದೆ. ಆಕಾಶಕ್ಕೆ ಹೋದರೆ ಗುಳ್ಳೆ ಉಬ್ಬುತ್ತದೆ. ಕಣ್ಣು ತಾಳುವುದಿಲ್ಲ."

ಮದುವೆಗೆ ಹೋಗಲು ಟಿಕೆಟ್ ಆಗಿತ್ತು. ಹಾಲ್ ಬುಕ್ ಆಗಿತ್ತು. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ. ಮದುಮಗಳನ್ನು ಕೂರಿಸಿ, ಎಣ್ಣೆ ಹಚ್ಚಿ, ತೆಂಗಿನ ಹಾಲು ಎರೆಯುವುದು. ಮೊದಲ ಕೈ ತಂದೆ ತಾಯಿಯದ್ದು. ಉಳಿದವರೆಲ್ಲ ಆಮೇಲೆ. ಗಲ್ಫಿಗೆ ಬಂದ ಮೇಲೆ ಚರ್ಚಿನಲ್ಲಿ ಪ್ರೀಮಾಳ ಮೊದಲ ಪರಮಪ್ರಸಾದದ ಹಬ್ಬಕ್ಕೆ ನಾನಿರಲಿಲ್ಲ, ಕಾಲೇಜು ಮುಗಿಸಿದಾಗ ಇರಲಿಲ್ಲ, ಅಪೆಂಡಿಕ್ಸ್ ತೆಗೆದಾಗ ಇರಲಿಲ್ಲ. ರೋಸಿಗೆ ಮಾತ್ರ ಬರುತ್ತೇನೆ, ಮೊದಲ ಎಣ್ಣೆ ನನ್ನದೇ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಟ್ಯಾಕ್ಸಿಯಲ್ಲಿ ಕಾಲಡಿಯ ಮ್ಯಾಟ್ ನೋಡುತ್ತ ನಾನು ಯೋಚಿಸಿದ್ದು ಮನೆಗೆ ಏನು ಹೇಳುವುದು ಎಂದು. ಇರುವ ಒಂದು ಕಣ್ಣು ಹೀಗಾಗಿದೆ ಎಂದರೆ ಲೀನಾ ಮದುವೆ ನಿಲ್ಲಿಸುತ್ತಾಳೆ, ಇಲ್ಲವೇ ಮದುವೆ ಮನೆಯಲ್ಲಿ ಅಳುತ್ತ ಕೂರುತ್ತಾಳೆ. ಅದಕ್ಕೆ ಗಲ್ಫಿನವರು ಎಲ್ಲದಕ್ಕೂ ಹೇಳುವ ಮಾತನ್ನೇ ಹೇಳಿದೆ. ಸಂಬಳ ತಡವಾದರೂ, ಪಾಸ್‌ಪೋರ್ಟ್ ಸಿಗದಿದ್ದರೂ, ಊರಿನ ಪಂಚಾಯಿತಿಕೆಗೆ ಹೋಗಲು ಮನಸ್ಸಿಲ್ಲದಿದ್ದರೂ ನಾವು ಹೇಳುವುದು ಒಂದೇ: ರಜೆ ಸಿಕ್ಕಿಲ್ಲ. ಊರಿನವರು ಇದನ್ನು ಪ್ರಶ್ನಿಸುವುದಿಲ್ಲ. ನಂಬುತ್ತಾರೋ ಇಲ್ಲವೋ, ಬೇರೆ ಮಾತು.

"ರಜೆ ಸಿಗುದು ಕಷ್ಟ ಉಂಟು," ಎಂದೆ ಫೋನಿನಲ್ಲಿ.

ಲೀನಾ "ಕೇಳಿ ನೋಡಿ," ಎಂದಳು.

ಪ್ರೀಮಾ ಫೋನು ತೆಗೆದುಕೊಂಡಳು. "ನನ್ನ ಮದುವೆಗೂ ಸಿಗುದಿಲ್ವಾ ಪಪ್ಪಾ?" ಎಂದಳು. ಆಮೇಲೆ ಅವಳು ಫೋನಿಗೆ ಬರುವುದನ್ನೇ ಬಿಟ್ಟಳು. ಕೇಳಿದರೆ ಸೀರೆ ಅಂಗಡಿಗೆ ಹೋಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ. ಒಂದು ಹುಡುಗಿ ಅಷ್ಟು ಸ್ನಾನ ಮಾಡುವುದಿಲ್ಲ.

ಬಗ್ಗಿಸಿದ ತಲೆಯ ಜೀವನಕ್ಕೆ ಸದಾನಂದ ವ್ಯವಸ್ಥೆ ಮಾಡಿದ. ನಮ್ಮ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚಗಳು. ಹಿರಿಯನೆಂದು ನನಗೆ ಮಾತ್ರ ಒಂಟಿ ಮಂಚ. ಅದನ್ನು ಕೋಣೆಯ ಮಧ್ಯಕ್ಕೆ ಎಳೆದು, ದಿಂಬುಗಳನ್ನು ಎರಡು ಕಡೆ ಒಟ್ಟಿ, ನಡುವೆ ಮುಖಕ್ಕೆ ಜಾಗ ಬಿಟ್ಟ. ಕೆಳಗೆ ನೆಲದ ಮೇಲೆ ಫೋನು. ಅದನ್ನು ನೋಡುತ್ತ ಮಲಗುವುದು, ಅಂದರೆ ನೋಡಿದಂತೆ ಮಾಡುವುದು. ಮನೆಯಿಂದ ವಿಡಿಯೊ ಕರೆ ಬಂದರೂ ಹಾಗೆಯೇ ಮುಖ ಕೊಟ್ಟು, ಕೂತಿದ್ದೇನೆ ಎನ್ನುವುದು. ಮೊದಮೊದಲು ಬಲಗಣ್ಣಿಗೆ ಕಾಣುತ್ತಿದ್ದದ್ದು ನೀರೊಳಗೆ ಕಣ್ಣು ಬಿಟ್ಟಷ್ಟೇ. ಕುತ್ತಿಗೆ, ಬೆನ್ನು, ಮೂಗು ಎಲ್ಲ ನೋಯುತ್ತಿತ್ತು. ಮೂಗೂ ನೋಯಬಹುದು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಣ್ಣಿಗೆ ಹನಿ ಬಿಡುವಾಗ ಮಾತ್ರ ಸ್ವಲ್ಪ ಹೊತ್ತು ಮುಖ ಎತ್ತಬಹುದಿತ್ತು. ಹನಿಯ ಸಮಯಕ್ಕಾಗಿ ನಾನು ಹಬ್ಬಕ್ಕೆ ಕಾದಂತೆ ಕಾಯುತ್ತಿದ್ದೆ.

ಆಸ್ಪತ್ರೆಗೆ ಹೋಗುವ ದಿನ ಸದಾನಂದ ನನ್ನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದ. ದೇರಾದ ನೆಲ ನೋಡಿದ್ದೇನೆಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ. ಪಾರಿವಾಳದ ಹಿಕ್ಕೆ, ಅಂಟಿದ ಚೂಯಿಂಗ್ ಗಮ್, ಎಲ್ಲೆಂದರಲ್ಲಿ ಬಿದ್ದಿರುವ, ಹುಡುಗಿಯರ ಚಿತ್ರವಿರುವ ಮಸಾಜಿನ ಕಾರ್ಡುಗಳು.

"ವಿಲ್ಲಿಯಣ್ಣ, ಹಾಗೆ ಕಾರ್ಡು ನೋಡ್ತಾ ಹೋಗ್ಬೇಡಿ, ನೋಡಿದವ್ರು ಎಂತ ಗ್ರಹಿಸ್ತಾರೆ," ಎನ್ನುತ್ತಿದ್ದ.

ಹಮ್ದಿಯವರು ನನಗೆ ಮೊದಲು ಸಿಕ್ಕಿದ್ದು ಚಪ್ಪಲಿಯ ರೂಪದಲ್ಲಿ. ಕಾಯುವ ಕೋಣೆಯಲ್ಲಿ ನನ್ನ ಎದುರು ಒಂದು ಜೊತೆ ಕಂದು ಚರ್ಮದ ಚಪ್ಪಲಿ, ಎಡಗಾಲಿನ ಹೆಬ್ಬೆರಳಿಗೆ ಬ್ಯಾಂಡೇಜು. ಬೇರೆಯವರ ಕಾಲುಗಳು ಬರುತ್ತಿದ್ದವು, ಹೋಗುತ್ತಿದ್ದವು. ಇವು ಮಾತ್ರ ಅಲ್ಲಾಡದೆ ಇದ್ದವು. ಆಮೇಲೆ ಎದುರಿನಿಂದ ಒಂದು ಸ್ವರ, "ನಿಮ್ಮ ಷೂ ಲೇಸ್ ಬಿಚ್ಚಿದೆ" ಎಂದಿತು. ಅವರೂ ನೆಲ ನೋಡುವವರೇ.

ಅವರು ಈಜಿಪ್ಟಿನವರು, ನೈಲ್ ನದಿಯ ಮೇಲ್ಭಾಗದ ಹಳ್ಳಿಯವರು. ಇಲ್ಲಿ ಶಾಲೆಯೊಂದರಲ್ಲಿ ಅರಬಿ ಕಲಿಸುತ್ತಿದ್ದರು. ನಮ್ಮ ಮಾತುಕತೆ ದೇರಾದಲ್ಲಿ ಎಲ್ಲರೂ ಆಡುವ ಭಾಷೆಯಲ್ಲಿ ನಡೆಯಿತು: ಸ್ವಲ್ಪ ಅರಬಿ, ಸ್ವಲ್ಪ ಹಿಂದಿ, ಸ್ವಲ್ಪ ಇಂಗ್ಲಿಷ್. ಇಬ್ಬರಿಗೂ ಕೈಸನ್ನೆ ಕಾಣದ್ದರಿಂದ ಬಾಯಿಯಿಂದಲೇ ಎಲ್ಲ ತಿಳಿಸಬೇಕಿತ್ತು. ಅವರದ್ದು ಎರಡನೆಯ ಆಪರೇಷನ್. ಮೊದಲನೆಯದರ ನಂತರ ತಲೆ ಬಗ್ಗಿಸಿ ಬೇಜಾರಾಗಿ, ಈದ್ ಹಬ್ಬಕ್ಕೆ ನೆಂಟರ ಮನೆಗೆ ಕಾರು ಓಡಿಸಿಕೊಂಡು ಹೋಗಿದ್ದರಂತೆ. ಪರದೆ ಮತ್ತೆ ಕಳಚಿತು.

"ನಮ್ಮ ಮನೆತನಕ್ಕೂ ಕುರುಡರಿಗೂ ಹಳೆಯ ನಂಟು," ಎಂದು ಒಂದು ದಿನ ಶುರು ಮಾಡಿದರು. ಅವತ್ತು ಡಾಕ್ಟರಮ್ಮ ಬರುವುದು ಬಹಳ ತಡವಾಗಿತ್ತು.

ಬೋನಾಬರ್ತಾನ ಕಾಲದ ಕತೆ ಅದು. ನೆಪೋಲಿಯನ್ನನ್ನು ಅವರು ಕರೆಯುವುದು ಹಾಗೆ, ಪಕ್ಕದ ಊರಿನ ಸಾಲಗಾರನನ್ನು ಕರೆದ ಹಾಗೆ. ಅವನ ಫ್ರೆಂಚ್ ಸೈನ್ಯ ನೈಲ್ ಗುಂಟ ಮೇಲೆ ಬಂದಿತ್ತು. ಹಳ್ಳಿಯ ಹತ್ತಿರ ಒಂದು ಕಾಳಗವಾಯಿತು. ಹಮ್ದಿಯವರ ಅಜ್ಜನ ಅಜ್ಜನೋ, ಅವನ ಅಜ್ಜನೋ, ಒಬ್ಬ ರೈತ. ಅವನ ಕತ್ತೆಯನ್ನು ಫ್ರೆಂಚರು ಸಾಮಾನು ಹೊರಲು ಎಳೆದುಕೊಂಡು ಹೋಗಿದ್ದರು. ಕಾಳಗ ಮುಗಿದು ಎರಡೂ ಕಡೆಯವರು ಹಿಂದೆ ಸರಿದ ಮೇಲೆ, ಈ ಅಜ್ಜ ಕೋಲು ಹಿಡಿದು ಕತ್ತೆ ಹುಡುಕಿಕೊಂಡು ರಣರಂಗಕ್ಕೆ ಹೋದ.

"ಕತ್ತೆಗಾಗಿ?" ಎಂದೆ.

"ಮತ್ತೆ? ರಾಜ್ಯಕ್ಕಾಗಿ ಯಾರು ಹೋಗುತ್ತಾರೆ," ಎಂದರು.

ಕತ್ತೆ ಸಿಗಲಿಲ್ಲ. ಒಂದು ದಿಬ್ಬದ ಮರೆಯಲ್ಲಿ ಫ್ರೆಂಚ್ ಸೈನಿಕನೊಬ್ಬ ಕೂತಿದ್ದ, ತೊಡೆಯ ಮೇಲೆ ಬಂದೂಕು. ಗಾಯವಿಲ್ಲ. ಎರಡೂ ಕಣ್ಣು ಬಾತು ಮುಚ್ಚಿ ಕೀವು ಸುರಿಯುತ್ತಿತ್ತು. ಆ ಸೈನ್ಯದಲ್ಲಿ ತುಂಬ ಜನರಿಗೆ ಈ ಕಣ್ಣುಬೇನೆ ಹತ್ತಿತ್ತಂತೆ. ಜೊತೆಯವರು ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದರು. ಹೆಜ್ಜೆ ಸದ್ದು ಕೇಳಿ, ತನ್ನವನೇ ಎಂಬಂತೆ ಅವನು ಕೈ ಚಾಚಿದ. ಅಜ್ಜನ ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈ ಖಾಲಿ. ಅಜ್ಜ ಖಾಲಿ ಕೈ ಕೊಟ್ಟ.

ಎಬ್ಬಿಸಿ, ಹೊಳೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಸೈನಿಕ ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇದ್ದ. ಅಜ್ಜ ಮಾತ್ರ ಕೆಮ್ಮಲೂ ಇಲ್ಲ. ಬಾಯಿ ಬಿಟ್ಟರೆ ಅರಬಿ ಬರುತ್ತದೆ, ಶತ್ರು ಎಂದು ಗೊತ್ತಾಗುತ್ತದೆ. ಸೈನಿಕನ ಹೆಗಲಲ್ಲಿ ಬಂದೂಕು ಇನ್ನೂ ಇತ್ತು. ಹೊಳೆಯ ಹತ್ತಿರ ನೀರು ಕುಡಿಸಿ, ಫ್ರೆಂಚರ ದೋಣಿಗಳು ಕಾಣುವಲ್ಲಿ...

ಅಷ್ಟರಲ್ಲಿ ನರ್ಸ್ ಬಂದು ಹಮ್ದಿಯವರನ್ನು ಕರೆದುಕೊಂಡು ಹೋದಳು. ಕಂದು ಚಪ್ಪಲಿಗಳು ಎದ್ದು ಹೋದವು. ಕತೆ ಅಲ್ಲಿಗೇ ನಿಂತಿತು.

ಇತ್ತ ನನ್ನ ಸುಳ್ಳು ನಾನು ಊಹಿಸದ ಕಡೆ ಬೇರು ಬಿಟ್ಟಿತ್ತು. ಲೀನಾಳ ತಮ್ಮ ಮೌರಿಸ್ ಅಬುಧಾಬಿಯ ಬನಿಯಾಸ್‌ನಲ್ಲಿದ್ದಾನೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನಗೆ ರಜೆ ಸಿಕ್ಕಿಲ್ಲವೆಂದು ಪ್ರೀಮಾ ಅವನಿಗೂ ಹೇಳಿದ್ದಳು. ಊರಿನಲ್ಲಿ ಯಾರಿಗಾದರೂ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ ಪಾದ್ರಿಗಳ ಹತ್ತಿರ ಹೋಗಿ ಕೇಳುವವನು ಅವನು. ಶುಕ್ರವಾರ ಶರ್ಟಿಗೆ ಇಸ್ತ್ರಿ ಹಾಕಿ, ಹೆಂಡತಿ ಮಾಡಿದ ಕೇಕ್ ಹಿಡಿದು, ನೂರುದ್ದೀನ್ ಸಾಹೇಬರ ಅಂಗಡಿಗೆ ಬಂದ. ನನ್ನ ಭಾವನಿಗೆ ದಯಮಾಡಿ ರಜೆ ಕೊಡಿ, ಒಬ್ಬಳೇ ಮಗಳು ಎಂದು ಬೇಡಿಕೊಂಡ.

ಸಾಹೇಬರು ಕೇಕ್ ನೋಡಿದರಂತೆ, ಅವನನ್ನು ನೋಡಿದರಂತೆ. "ನಿಮ್ಮ ಭಾವನಿಗೆ ಕೊಟ್ಟಷ್ಟು ರಜೆ ಈ ಅಂಗಡಿಯಲ್ಲಿ ನನಗೇ ಸಿಕ್ಕಿಲ್ಲ. ಅವರು ಆಪರೇಷನ್ ಆಗಿ ಕೋಣೆಯಲ್ಲಿ ಮಲಗಿದ್ದಾರೆ. ನಿಮಗೆ ಗೊತ್ತಿಲ್ವಾ?" ಎಂದರಂತೆ.

ಸ್ವಲ್ಪ ಹೊತ್ತಿಗೆ ನನ್ನ ಮಂಚದ ಪಕ್ಕ ಪಾಲಿಷ್ ಹಾಕಿದ ಕರಿ ಬೂಟುಗಳು ಬಂದು ನಿಂತವು.

"ಭಾವ, ಇದು ಎಂತ ಅವಸ್ಥೆ?" ಎಂದ ಮೌರಿಸ್. "ನಾನು ಆಸ್ಪತ್ರೆಯಲ್ಲೇ ಕೆಲಸ ಮಾಡುವವ. ನನಗಾದ್ರೂ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ? ಅಲ್ಲಿ ಹೋಗಿ ಮಂಗ ಆದೆ ನಾನು."

"ಕೇಕ್ ಎಂತ ಆಯ್ತು?"

"ಅವ್ರಿಗೇ ಕೊಟ್ಟು ಬಂದೆ. ಮಾತು ತಪ್ಪಿಸ್ಬೇಡಿ."

ಅವನು ಅಲ್ಲೇ ನೆಲದ ಮೇಲೆ ಕೂತು ಲೀನಾಳಿಗೆ ಸ್ಪೀಕರಿನಲ್ಲಿ ಫೋನು ಹಚ್ಚಿದ. ನಾನು ಬೇಡ ಎಂದೆ. ಕೇಳಲಿಲ್ಲ.

"ಅಕ್ಕಾ, ಭಾವನಿಗೆ ಕಣ್ಣಿನ ಆಪರೇಷನ್ ಆಗಿದೆ. ನಮಗೆ ಯಾರಿಗೂ..."

"ಗೊತ್ತುಂಟು," ಎಂದಳು ಲೀನಾ.

ನಾನು ಮುಖ ಎತ್ತಿಯೇಬಿಟ್ಟೆ. ಸದಾನಂದ ಕೂಡಲೇ ತಲೆ ಒತ್ತಿ ಕೆಳಗೆ ಮಾಡಿದ.

"ಯಾರು ಹೇಳಿದ್ದು?" ಎಂದೆ.

"ಯಾರೂ ಹೇಳ್ಲಿಲ್ಲ. ವಿಡಿಯೊದಲ್ಲಿ ನಿಮ್ಮ ತಲೆಯ ಹಿಂದೆ ಫ್ಯಾನ್ ತಿರುಗ್ತಿತ್ತು. ಕೂತವನ ಹಿಂದೆ ಗೋಡೆ ಕಾಣ್ತದೆ. ಫ್ಯಾನ್ ಹೇಗೆ ಕಾಣ್ತದೆ? ಗಲ್ಲ ಜೋತು ಬಿದ್ದು, ಕೆನ್ನೆ ಎಲ್ಲ ಮುಂದೆ ಬಂದಿತ್ತು. ಮತ್ತೆ ಸದಾನಂದನಿಗೆ ಫೋನ್ ಮಾಡಿ ಕೇಳಿದೆ. ಅವ ಪಾಪ, ಸುಳ್ಳು ಹೇಳ್ಲಿಕ್ಕೆ ನೋಡಿದ, ಆಗ್ಲಿಲ್ಲ."

ಸದಾನಂದನ ಹವಾಯಿ ಚಪ್ಪಲಿಗಳು ಮೆಲ್ಲ ಅಡುಗೆ ಕೋಣೆಯ ಕಡೆ ಹೊರಟವು.

ಎರಡು ವಾರದಿಂದ ಅವಳಿಗೆ ಗೊತ್ತಿತ್ತು. ದಿನವೂ ನನ್ನ ಜೊತೆ ಮದುವೆ ಹಾಲ್‌ನ ಅಲಂಕಾರ, ಬ್ಯಾಂಡಿನವರು, ಕೋಳಿಯ ಲೆಕ್ಕ ಎಲ್ಲ ಮಾತಾಡಿ, ಕೊನೆಗೆ ರಜೆ ಕೇಳಿ ನೋಡಿ ಎಂದು ಫೋನು ಇಡುತ್ತಿದ್ದಳು. ನನಗೆ ಸಿಟ್ಟು ಬಂತು, ನಾಚಿಕೆಯಾಯಿತು. ಆಮೇಲೆ ಅಳು ಬಂತು. ಕೆಳಗೆ ಮುಖ ಮಾಡಿ ಅತ್ತರೆ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ನೇರ ನೆಲಕ್ಕೆ ಬೀಳುತ್ತದೆ. ಮೌರಿಸ್ ತನ್ನ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ನೆಲ ಒರೆಸಿದ.

ಪ್ರೀಮಾಳಿಗೆ ಮಾತ್ರ ಮದುವೆ ಕಳೆಯುವವರೆಗೆ ಹೇಳುವುದು ಬೇಡ ಎಂದೆ. ಹೆದರಿದ ಮುಖದಲ್ಲಿ ಅವಳು ಮದುಮಗಳಾಗಿ ಕೂರಬಾರದು. ಸಿಟ್ಟಿದ್ದರೆ ಇರಲಿ. ಸಿಟ್ಟು ಹೆದರಿಕೆಗಿಂತ ವಾಸಿ.

"ನೋಡುವ," ಎಂದಳು ಲೀನಾ.

ಗುಳ್ಳೆ ಕರಗುವುದನ್ನು ಒಳಗಿನಿಂದಲೇ ನೋಡಬಹುದು. ಮೊದಲು ಮೇಲೆ ಒಂದು ತೆಳು ಗೆರೆಯಷ್ಟು ಜಗತ್ತು ಸ್ಪಷ್ಟವಾಗಿ ಕಾಣುತ್ತದೆ. ಗೆರೆ ದಿನದಿನಕ್ಕೆ ಕೆಳಗಿಳಿಯುತ್ತದೆ. ಗೆರೆಯ ಮೇಲೆ ಲೋಕ, ಕೆಳಗೆ ಅಲ್ಲಾಡುವ ನೀರು. ನನಗೆ ಮೊದಲು ಸರಿಯಾಗಿ ಕಂಡದ್ದು ಟ್ಯೂಬ್‌ಲೈಟ್, ಆಮೇಲೆ ಸದಾನಂದನ ಬೋಳು ತಲೆ, ಆಮೇಲೆ ಅವನ ಹುಬ್ಬು. ಮೀಸೆ ಕಾಣಲು ಇನ್ನೂ ಕೆಲವು ದಿನ ಬೇಕಾಯಿತು. ಅಷ್ಟು ಕಾದು ನೋಡಿದ ಮೀಸೆ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಇದರ ನಡುವೆ ತಲೆ ಎತ್ತಲು ಅಪ್ಪಣೆ ಸಿಕ್ಕಿತ್ತು. ಟಿಕೆಟ್ಟಿನ ದಿನ ಹತ್ತಿರ ಬಂದಾಗ ಗುಳ್ಳೆ ಬಟಾಣಿ ಕಾಳಿನಷ್ಟಾಗಿತ್ತು. ಡಾಕ್ಟರಮ್ಮನ ಮುಂದೆ ಕೂತು, ಇಷ್ಟು ಚಿಕ್ಕದು ಏನು ಮಾಡುತ್ತದೆ ಎಂದು ಕೇಳಿದೆ. ಮಗಳ ಮದುವೆ ಎಂದೆ. ನನ್ನ ಮಾತು ಭಿಕ್ಷೆ ಬೇಡಿದ ಹಾಗಿತ್ತು, ಆದರೂ ಬೇಡಿದೆ.

"ಇಲ್ಲಿ ಬಟಾಣಿ. ಮೇಲೆ ಹೋದರೆ ಬಟಾಣಿಯಾಗಿ ಉಳಿಯುವುದಿಲ್ಲ," ಎಂದರು. "ನಾನು ಹೂಂ ಎನ್ನುವುದಿಲ್ಲ. ನಿಮ್ಮ ಇನ್ನೊಂದು ಕಣ್ಣು ಹೇಗಿದೆ ಎಂದು ನಿಮಗೇ ಗೊತ್ತು."

ಹೊರಗೆ ಬಂದು ಕೂತೆ. ಕೈಯಲ್ಲಿ ಹಸಿರು ಪಟ್ಟಿ. ಪ್ಲಾಸ್ಟಿಕ್ಕು, ಒಂದು ಕತ್ತರಿ ಸಾಕು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆಯೇ ಹೊರತು ಕಣ್ಣೊಳಗೆ ಯಾರೂ ಇಣುಕುವುದಿಲ್ಲ. ಮಂಗಳೂರಿಗೆ ಮೂರೂವರೆ ತಾಸಿನ ದಾರಿ. ಎಷ್ಟೋ ಜನ ಎಷ್ಟೋ ಅಪಾಯ ಮಾಡಿಕೊಂಡು ಮನೆ ತಲುಪಿಲ್ಲವೇ? ಮಗಳ ತಲೆಗೆ ಎಣ್ಣೆ ಹಚ್ಚಲು ಕಣ್ಣು ಯಾಕೆ, ಕೈ ಸಾಲದೇ? ಹೀಗೆಲ್ಲ ಯೋಚಿಸಿದೆ. ನಿಜ ಹೇಳುತ್ತೇನೆ, ಹೋಗುವುದೆಂದು ಮುಕ್ಕಾಲು ತೀರ್ಮಾನಿಸಿದ್ದೆ.

ಹಮ್ದಿಯವರು ಬಂದು ಪಕ್ಕದಲ್ಲಿ ಕೂತರು. ಅವರ ಮುಖ ನೋಡಿದ್ದು ಅದೇ ಮೊದಲು. ಉದ್ದ ಮುಖ, ಬಿಳಿ ಗಡ್ಡ, ಆ ಸ್ವರಕ್ಕೆ ನಾನು ಕಲ್ಪಿಸಿದ್ದಕ್ಕಿಂತ ಸಣ್ಣ ಆಳು. ನನ್ನ ಕಾಲಿನತ್ತ ನೋಡಿ ಗುರುತು ಹಿಡಿದರು. ನಾನು ಎಲ್ಲ ಹೇಳಿದೆ. ಕತ್ತರಿಯನ್ನೂ ಹೇಳಿದೆ.

ಅವರು ಉಪದೇಶ ಮಾಡಲಿಲ್ಲ. ತಮ್ಮ ಬಲಗಣ್ಣು ಮುಚ್ಚಿ, ಆಪರೇಷನ್ ಆದ ಎಡಗಣ್ಣಿನಿಂದ ನನ್ನನ್ನು ನೋಡಿದರು. "ನೀವು ಅಲ್ಲಿ ಇದ್ದೀರಿ ಎಂದು ಗೊತ್ತಾಗುತ್ತದೆ. ಯಾರೆಂದು ಗೊತ್ತಾಗುವುದಿಲ್ಲ. ಈದ್ ಹಬ್ಬದ ಬಿರಿಯಾನಿ ಚೆನ್ನಾಗಿತ್ತು," ಎಂದರು. "ನನಗೆ ಇನ್ನೊಂದು ಕಣ್ಣು ಉಂಟು. ನಿಮಗೆ?"

ಆಮೇಲೆ ಕತೆಯ ಕೊನೆ ಕೇಳಿದೆ.

ಅಜ್ಜ ಸೈನಿಕನನ್ನು ದೋಣಿಗಳ ಹತ್ತಿರ ಬಿಟ್ಟು ಕೈ ಬಿಡಿಸಿಕೊಂಡನಂತೆ. ಆಗ ಆ ಫ್ರೆಂಚ್‌ನವನು ಮುಚ್ಚಿದ ಕಣ್ಣುಗಳನ್ನು ಅಜ್ಜನ ಕಡೆ ತಿರುಗಿಸಿ, "ಶುಕ್ರನ್" ಎಂದ. ಉಪಕಾರವಾಯಿತು ಎಂದು, ಅರಬಿಯಲ್ಲಿ.

"ಅಂದರೆ ಅವನಿಗೆ ಗೊತ್ತಾಯಿತು?"

"ಮೊದಲೇ ಗೊತ್ತಿತ್ತು. ರೈತನ ಅಂಗೈ. ಬಟ್ಟೆಯಲ್ಲಿ ಮೆಂತ್ಯ ಹಾಕಿದ ರೊಟ್ಟಿಯ ವಾಸನೆ. ಇದು ಫ್ರೆಂಚ್ ಕೈಯಲ್ಲ ಎಂದು ತಿಳಿಯಲು ಕಣ್ಣು ಬೇಕಾ?"

"ಮತ್ತೆ ಯಾಕೆ ಸುಮ್ಮನೆ ಬಂದ?"

"ಅಜ್ಜ ಹೆದರಬಾರದು ಎಂದು. ಹೆದರಿದರೆ ಕೈ ಬಿಡುತ್ತಿದ್ದ." ಹಮ್ದಿಯವರು ನಕ್ಕರು. "ನಮ್ಮ ಚಿಕ್ಕಪ್ಪನ ಮನೆಯವರು ಇದನ್ನು ಒಪ್ಪುವುದಿಲ್ಲ. ಕತ್ತೆಗೆ ಬದಲಾಗಿ ಅಜ್ಜ ಅವನ ಬೂಟು ಬಿಚ್ಚಿಕೊಂಡು ಬಂದ ಎನ್ನುತ್ತಾರೆ. ಬೂಟು ನಮ್ಮ ಮನೆಯಲ್ಲಿ ಇತ್ತಂತೆ, ಅದು ಸುಳ್ಳಲ್ಲ."

ಎರಡೂ ನಿಜವಿರಬಹುದು ಎಂದು ನನಗೆ ಅನ್ನಿಸಿತು. ನೀರು ಕುಡಿಸಿದವನು ಬೂಟನ್ನೂ ತೆಗೆದುಕೊಂಡಿರಬಹುದು. ಅವನ ಕತ್ತೆಯಂತೂ ತಿರುಗಿ ಬರಲಿಲ್ಲ.

ಕೋಣೆಗೆ ಬಂದು ಸಾಹೇಬರಿಗೆ ಫೋನು ಮಾಡಿ ಟಿಕೆಟ್ ಮುಂದೆ ಹಾಕಿಸಲು ಹೇಳಿದೆ. ಲೀನಾಳಿಗೂ ಹೇಳಿದೆ. ಅವಳು "ಒಳ್ಳೆದಾಯ್ತು" ಎಂದಳು. ಮೂಗು ಎಳೆದುಕೊಂಡದ್ದು ಕೇಳಿಸಿತು. ಪ್ರೀಮಾ ಸ್ನಾನಕ್ಕೆ ಹೋಗಿದ್ದಳು.

ರೋಸಿನ ದಿನ ಸದಾನಂದ ಕೆಲಸಕ್ಕೆ ಹೋಗಲಿಲ್ಲ. ವಿಡಿಯೊ ಕರೆಗೆ ಇಲ್ಲಿ ಅನುಮತಿಯಿರುವ ಒಂದು ಆ್ಯಪಿನಲ್ಲಿ ಊರಿಗೆ ವಿಡಿಯೊ ಹಚ್ಚಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟ. ಮೌರಿಸ್ ಮದುವೆಗೆ ಹೋಗಿದ್ದವನು ಅಲ್ಲಿ ಫೋನು ಹಿಡಿದಿದ್ದ. ಚಪ್ಪರ, ಬಾಳೆಕಂಬ, ಹಾಡುವ ಹೆಂಗಸರು. ನಡುವೆ ನನ್ನ ಮಗಳು, ಹಳೆಯ ಬಟ್ಟೆ ಉಟ್ಟು, ಕೂದಲು ಬಿಟ್ಟು ಕೂತಿದ್ದಾಳೆ. ನನ್ನ ಕಣ್ಣಿನ ಕೆಳಭಾಗದಲ್ಲಿ ಗುಳ್ಳೆ ಕುಣಿಯುತ್ತಿತ್ತು. ಅವಳ ಮುಖ ಅದರ ಮೇಲೆಯೇ ಇತ್ತು, ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಫೋನಿನ ಕಡೆ ನೋಡಲಿಲ್ಲ.

ಮೊದಲ ಕೈ ಹಾಕಲು ಲೀನಾಳನ್ನು ಕರೆದರು. ತಂದೆಯ ಜಾಗದಲ್ಲಿ ದೊಡ್ಡಪ್ಪ ಬರಲಿ ಎಂದು ಯಾರೋ ಹೇಳಿದ್ದು ಕೇಳಿಸಿತು. ಲೀನಾ ತಲೆಯಾಡಿಸಿದಳು. ಬಲಗೈಯಲ್ಲಿ ಎಣ್ಣೆ ತೆಗೆದು ಮಗಳ ನೆತ್ತಿಗೆ ಹಚ್ಚಿದಳು. ತೆಂಗಿನ ಹಾಲು ಎರೆದಳು. ಹಾಲು ಹಣೆಯಿಂದ ಇಳಿದು ಕಣ್ಣಿಗೆ ಬರುತ್ತಿತ್ತು, ಪ್ರೀಮಾ ಬಿಗಿಯಾಗಿ ಕಣ್ಣು ಮುಚ್ಚಿಕೊಂಡಳು. ಆಗ ಲೀನಾ ಎಡಗೈಯನ್ನು ಎಣ್ಣೆಗೆ ಅದ್ದಿ, ಒಂದು ಮಾತೂ ಆಡದೆ, ಅದೇ ನೆತ್ತಿಯ ಮೇಲೆ ಇನ್ನೊಮ್ಮೆ ಇಟ್ಟಳು. ಹಾಡುವವರು ಒಂದು ಗಳಿಗೆ ತಡೆದರು. ಯಾಕೆ ಎರಡು ಸಲ ಎಂದು ಅವರಿಗೆ ಅರ್ಥವಾಗಿರಲಿಲ್ಲ.

ಪ್ರೀಮಾ ಕಣ್ಣು ತೆರೆಯಲಿಲ್ಲ. ಕೈ ಮೇಲೆತ್ತಿ ಆ ಎಡಗೈಯನ್ನು ಹಿಡಿದುಕೊಂಡಳು.

"ದೇವ್ ಬರೆಂ ಕರುಂ, ಪಪ್ಪಾ," ಎಂದಳು.

ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ಉಪಕಾರ ಸ್ಮರಿಸಲು ನಾವು ಹೇಳುವ ಮಾತು. ಸದಾನಂದ ಎದ್ದು ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡಿಕೊಂಡು ನಿಂತ. ನಾನು ಫೋನಿನ ಮುಂದೆ ಕೂತು ಅತ್ತೆ. ಈ ಸಲ ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು.

ಗುಳ್ಳೆ ಪೂರ್ತಿ ಮಾಯವಾದದ್ದು ಮದುವೆಯಾಗಿ ಎರಡನೆಯ ವಾರದಲ್ಲಿ. ಡಾಕ್ಟರಮ್ಮ ತಾವೇ ಕತ್ತರಿ ತಂದು ಪಟ್ಟಿ ಕತ್ತರಿಸಿದರು. ಮಂಗಳೂರಿನಲ್ಲಿ ಇಳಿದಾಗ ಪ್ರೀಮಾ ಗಂಡನ ಜೊತೆ ಬಂದಿದ್ದಳು. ಅಳಿಯ ಪೆಟ್ಟಿಗೆ ತೆಗೆದುಕೊಂಡ. ಮಗಳು ನನ್ನ ಕೈ ಹಿಡಿದು ಕಾರಿನವರೆಗೆ ನಡೆಸಿದಳು. ನನಗೆ ಕಾಣುತ್ತದೆ ಎಂದರೂ ಬಿಡಲಿಲ್ಲ.

"ನಿನಗೆ ಮಮ್ಮಿ ಯಾವಾಗ ಹೇಳಿದ್ದು?" ಎಂದು ಕೇಳಿದೆ.

"ಮಮ್ಮಿ ಎಲ್ಲಿ ಹೇಳಿದ್ದು? ಮಮ್ಮಿಗೆ ಫ್ಯಾನ್ ತೋರಿಸಿದ್ದೇ ನಾನು."

ನಾನು ನಿಂತುಬಿಟ್ಟೆ. "ಮತ್ತೆ ಮೌರಿಸ್ ಮಾಮನಿಗೆ ರಜೆ ಇಲ್ಲ ಅಂತ ಹೇಳಿದ್ದು?"

"ಯಾರಾದ್ರೂ ಹೋಗಿ ನಿಮ್ಮನ್ನು ನೋಡ್ಬೇಕಿತ್ತಲ್ವಾ."

"ನನ್ನ ಹತ್ರ ಮಾತು ಬಿಟ್ಟದ್ದು?"

"ಮಾತಾಡಿದ್ರೆ ಅಳು ಬರ್ತಿತ್ತು ಪಪ್ಪಾ. ಅತ್ರೆ ನನಗೆ ಗೊತ್ತುಂಟು ಅಂತ ನಿಮಗೆ ಗೊತ್ತಾಗ್ತಿತ್ತು. ಮತ್ತೆ ನೀವು ಹೇಗಾದ್ರೂ ಮಾಡಿ ಹೊರಟು ಬರ್ತಿದ್ರಿ," ಎಂದಳು. "ಮೆಟ್ಟಿಲು ಉಂಟು, ನೋಡಿ ಇಳೀರಿ."

ಮೆಟ್ಟಿಲು ನನಗೆ ಕಾಣುತ್ತಿತ್ತು, ಸ್ವಲ್ಪ ಡೊಂಕಾಗಿ. ಅವಳ ಕೈ ಹಿಡಿದುಕೊಂಡೇ ಇಳಿದೆ.